ಬಡಾವಣೆಗಳ ಸ್ವರೂಪ ಬದಲಾವಣೆ: ಮಂಗಳೂರಿನ ಬಂದರು ಮತ್ತು ಜೆಪ್ಪು

ನಗರ ಭೂಗೋಳವನ್ನು ಓದುವಾಗ ಮೊದಲು ಎದುರಾಗುವುದು ಸಮಾಜಶಾಸ್ತ್ರಜ್ಞ ಅರ್ನೆಸ್ಟ್ ಬರ್ಜೆಸ್ 1925ರಲ್ಲಿ ಷಿಕಾಗೋ ನಗರವನ್ನು ಆಧರಿಸಿ ಮಂಡಿಸಿದ ವಲಯ ಮಾದರಿ; ಅದು ನಗರವನ್ನು ಒಂದು ಕೇಂದ್ರದ ಸುತ್ತ ಉಂಗುರಗಳಂತೆ ಹರಡಿದ ವಲಯಗಳಾಗಿ ನೋಡುತ್ತದೆ. ನಡುವಿನ ವಾಣಿಜ್ಯ ಕೇಂದ್ರ ಬೆಳೆದಂತೆ ಪ್ರತಿಯೊಂದು ವಲಯವೂ ತನ್ನ ಹೊರಗಿನ ವಲಯವನ್ನು ಆಕ್ರಮಿಸುತ್ತ ಹೋಗುತ್ತದೆ ಎಂಬುದು ಅದರ ತಿರುಳು. ಮಂಗಳೂರಿಗೆ ಇದಕ್ಕಿಂತ ಭೂಗೋಳಜ್ಞರಾದ ಹ್ಯಾರಿಸ್ ಮತ್ತು ಉಲ್ಮನ್ 1945ರಲ್ಲಿ ಸೂಚಿಸಿದ, ನಗರಕ್ಕೆ ಒಂದಲ್ಲ ಹಲವು ಕೇಂದ್ರಗಳಿರುತ್ತವೆ ಎನ್ನುವ ಬಹುಕೇಂದ್ರ ಮಾದರಿಯೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಬಂದರು, ಹಂಪನಕಟ್ಟೆ, ಕಂಕನಾಡಿ, ಪಣಂಬೂರು ಇವೆಲ್ಲ ಬೇರೆ ಬೇರೆ ಕಾರಣಗಳಿಂದ ಬೆಳೆದ ಕೇಂದ್ರಗಳು.

ಒಂದು ಪ್ರದೇಶದ ಕೆಲಸ, ಕಟ್ಟಡ ಮತ್ತು ಜನ ಈ ಮೂರೂ ಒಂದೇ ವೇಗದಲ್ಲಿ ಬದಲಾಗುವುದಿಲ್ಲ ಎಂಬುದನ್ನು ಹಳೆ ಬಂದರಿನಲ್ಲಿ ಸ್ಪಷ್ಟವಾಗಿ ಕಾಣಬಹುದು. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ಮೇಲೆ ದೊಡ್ಡ ಹಡಗುಗಳ ವ್ಯವಹಾರ ಅಲ್ಲಿ ನೆಲೆಗೊಂಡಿತು. ಆದರೂ ಹಳೆ ಬಂದರು ಬರಿದಾಗಲಿಲ್ಲ: ಲಕ್ಷದ್ವೀಪಕ್ಕೆ ಸರಕು ಸಾಗಿಸುವ ಮಂಜಿಗಳು (ಮರದ ಸಣ್ಣ ಹಡಗುಗಳು), ದಕ್ಕೆಯ ಮೀನುಗಾರಿಕೆ ಮತ್ತು ಸಗಟು ವ್ಯಾಪಾರ ಅಲ್ಲೇ ಉಳಿದವು. ಹೆಂಚು ಹೊದಿಸಿದ ಗೋದಾಮುಗಳ ನಡುವಿನ ಕಿರಿದಾದ ಓಣಿಗಳಲ್ಲಿ ಲಾರಿ ತಿರುಗಿಸುವುದೇ ಕಷ್ಟವಾದ್ದರಿಂದ, ಅಕ್ಕಿ ಮತ್ತು ಮೆಣಸಿನ ಮೂಟೆಗಳು ಇಂದಿಗೂ ಕೈಗಾಡಿಯ ಮೇಲೋ ಹಮಾಲರ ಹೆಗಲ ಮೇಲೋ ಸಾಗುವುದುಂಟು. ಸಾಗಣೆ ಇಷ್ಟು ತ್ರಾಸದಾಯಕವಾದರೂ ವರ್ತಕರು ಜಾಗ ಬಿಡದಿರುವುದಕ್ಕೆ ಕಾರಣ, ಸಾಲ, ದರ, ಗಿರಾಕಿ ಎಲ್ಲವೂ ಅಕ್ಕಪಕ್ಕದ ಅಂಗಡಿಗಳ ಪರಿಚಯದ ಮೇಲೆ ನಿಂತಿರುವುದು.

ಜೆಪ್ಪುವಿನ ಕಥೆ ಬೇರೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ನೇತ್ರಾವತಿ ದಡದುದ್ದಕ್ಕೂ ಅಂಥ ಕಾರ್ಖಾನೆಗಳು ಎದ್ದವು; ಆವೆಮಣ್ಣನ್ನು ದೋಣಿಯಲ್ಲಿ ತರುವುದಕ್ಕೂ ಸುಟ್ಟ ಹೆಂಚನ್ನು ಬಂದರಿಗೆ ಒಯ್ಯುವುದಕ್ಕೂ ನದಿಯೇ ದಾರಿಯಾಗಿತ್ತು. ಮುಂದೆ ತಾರಸಿ ಮನೆಗಳು ಹೆಚ್ಚಿ, ಮಣ್ಣು ಮತ್ತು ಸೌದೆ ದುಬಾರಿಯಾಗಿ, ಹೆಂಚಿಗಿಂತ ನೆಲದ ಬೆಲೆಯೇ ಮೇಲಾದಾಗ ಹಲವು ಕಾರ್ಖಾನೆಗಳು ಮುಚ್ಚಿದವು. ವಿಶಾಲ ಅಂಗಳ ಒಬ್ಬನೇ ಒಡೆಯನ ಕೈಯಲ್ಲಿದ್ದರೆ ವಸತಿ ಸಮುಚ್ಚಯ ಕಟ್ಟುವುದು ಸುಲಭ. ಬಂದರಿನಲ್ಲಿ ಹಾಗಲ್ಲ; ಅಲ್ಲಿ ಸಣ್ಣ ಸಣ್ಣ ಹಿಡುವಳಿ, ಹಳೆಯ ಬಾಡಿಗೆದಾರರು.

ಪರೀಕ್ಷೆಯಲ್ಲಿ ಜೆಪ್ಪುವಿನ ಈ ಬದಲಾವಣೆಯನ್ನು ಜೆಂಟ್ರಿಫಿಕೇಶನ್ ಎಂದು ಬರೆಯುವ ಮುನ್ನ ಯೋಚಿಸಬೇಕು. ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿ ಆ ಪದವನ್ನು ಬಳಸಿದ್ದು ಲಂಡನ್ನಿನ ಕಾರ್ಮಿಕರ ಕೇರಿಗಳಿಗೆ ಮಧ್ಯಮ ವರ್ಗದವರು ಬಂದು, ಹಳೆ ಮನೆಗಳನ್ನೇ ದುರಸ್ತಿ ಮಾಡಿಕೊಂಡು, ಮೊದಲಿದ್ದವರು ಹೊರಹೋಗುವಂತಾದುದನ್ನು ವಿವರಿಸಲು. ಕಾರ್ಖಾನೆಯ ನೆಲ ವಸತಿಗೆ ತಿರುಗಿದ್ದನ್ನು ಭೂಬಳಕೆಯ ಬದಲಾವಣೆ ಎನ್ನುವುದೇ ಸರಿ.