ಕೇಬಲ್ ಎಳೆದ ಮಾತ್ರಕ್ಕೆ ಡಿಸ್ಕ್ ಬ್ರೇಕ್ ಹಿಡಿಯುವುದಿಲ್ಲ

ಬ್ರೇಕ್ ಸಡಿಲವಾದರೆ ಕೇಬಲ್ ಎಳೆದು ನಟ್ ಬಿಗಿ ಮಾಡುವುದು ಸೈಕಲ್ ಶಾಪಿನಲ್ಲಿ ಹುಡುಗರು ಕಲಿಯುವ ಮೊದಲ ಕೆಲಸ. ರಿಮ್ಮಿನ ಎರಡೂ ಬದಿಗೆ ರಬ್ಬರ್ ಬಂದು ಒತ್ತುವ ಹಳೆಯ ಬ್ರೇಕಿಗೆ ಆ ಕೆಲಸ ಸರಿಯೇ. ಎರಡು ತೋಳೂ ಒಟ್ಟಿಗೆ ಚಲಿಸುವುದರಿಂದ ಕೇಬಲ್ ಎಳೆದಷ್ಟೂ ಎರಡು ರಬ್ಬರೂ ಸಮನಾಗಿ ರಿಮ್ಮಿಗೆ ಹತ್ತಿರ ಬರುತ್ತವೆ. ಈಗ ಚಿತ್ರದುರ್ಗದ ಬೀದಿಗಳಲ್ಲಿ ಮಕ್ಕಳು ಓಡಿಸುವ ಗೇರ್ ಸೈಕಲ್‌ಗಳಿಗೆ ಕೇಬಲ್ ಡಿಸ್ಕ್ ಬ್ರೇಕ್ ಬಂದು ಕೂತಿದೆ. ಅದಕ್ಕೂ ನಾವು ಅದೇ ಮದ್ದು ಹಾಕುತ್ತಿದ್ದೇವೆ. ಈ ರೋಗಕ್ಕೆ ಆ ಮದ್ದು ನಾಟುವುದಿಲ್ಲ.

ಹೊಳಲ್ಕೆರೆ ರಸ್ತೆ ಕಡೆಯ ತಂದೆಯೊಬ್ಬರು ಇತ್ತೀಚೆಗೆ ಮಗಳ ಸೈಕಲ್ ತಂದಿದ್ದರು. "ಎರಡು ಸಲ ಟೈಟ್ ಮಾಡಿಸ್ದೆ ಕಣಣ್ಣ. ಎರಡೇ ದಿನ, ಆಮೇಲೆ ಲಿವರ್ ಹೋಗಿ ಹ್ಯಾಂಡಲ್‌ಗೆ ತಾಗುತ್ತೆ" ಅಂದರು. ಮುಂದಿನ ಚಕ್ರದ ಕ್ಯಾಲಿಪರ್, ಅಂದರೆ ಡಿಸ್ಕನ್ನು ಎರಡೂ ಬದಿಯಿಂದ ಹಿಡಿಯುವ ಪ್ಯಾಡುಗಳ ಗೂಡು, ನೋಡಿದೆ. ಕೇಬಲ್ ಕಟ್ಟಿದ ತೋಳು, ಲಿವರ್ ಮುಟ್ಟುವ ಮೊದಲೇ ಅರ್ಧ ದಾರಿ ತಿರುಗಿ ನಿಂತಿತ್ತು. ಒಳಬದಿಯ ಪ್ಯಾಡಿಗೂ ಡಿಸ್ಕಿಗೂ ನಡುವೆ ಬೆಳಕು ಧಾರಾಳವಾಗಿ ಕಾಣುತ್ತಿತ್ತು. ಲಿವರ್ ಒತ್ತಿದರೆ ಹೊರಗಿನ ಪ್ಯಾಡ್ ಬಂದು ಡಿಸ್ಕನ್ನು ಬಗ್ಗಿಸಿಕೊಂಡು ಹೋಗಿ ಒಳಗಿನ ಪ್ಯಾಡಿಗೆ ಮುಟ್ಟಿಸಬೇಕು. ಆ ಹುಡುಗಿಯ ಬೆರಳಿನ ಬಲವೆಲ್ಲ ಡಿಸ್ಕ್ ಬಗ್ಗಿಸುವುದಕ್ಕೇ ಖರ್ಚಾಗಿ, ಚಕ್ರ ನಿಲ್ಲಿಸುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

ಕಾರಣ ಇಷ್ಟು. ಕಡಿಮೆ ಬೆಲೆಯ ಕೇಬಲ್ ಡಿಸ್ಕ್ ಬ್ರೇಕುಗಳಲ್ಲಿ ಸಾಮಾನ್ಯವಾಗಿ ಚಲಿಸುವುದು ಒಂದೇ ಪ್ಯಾಡ್. ಏವಿಡ್ ಬಿಬಿ7 ರಂಥ ಹೆಸರಾದ ಬ್ರೇಕಿನಲ್ಲೂ ಹಾಗೆಯೇ. ತೋಳು ತಿರುಗಿದಾಗ ಕ್ಯಾಲಿಪರಿನ ಒಳಗಿರುವ ಉಕ್ಕಿನ ಗುಂಡುಗಳು ಓರೆಯಾದ ತೋಡಿನಲ್ಲಿ ಮೇಲೇರಿ ಹೊರಗಿನ ಪ್ಯಾಡನ್ನು ಡಿಸ್ಕಿನತ್ತ ನೂಕುತ್ತವೆ. ಚಕ್ರದ ಕಡೆಯ ಪ್ಯಾಡ್ ಇದ್ದಲ್ಲೇ ಇರುತ್ತದೆ. ಅದನ್ನು ಹತ್ತಿರ ತರಲು ಕೇಬಲ್ಲಿನಿಂದ ಆಗದು. ಅದಕ್ಕೆಂದೇ ಕ್ಯಾಲಿಪರಿನ ಒಳಮುಖದಲ್ಲಿ ಒಂದು ತಿರುಪು ಇಟ್ಟಿರುತ್ತಾರೆ. ಕೆಲವದರಲ್ಲಿ ಕೈಯಲ್ಲೇ ತಿರುಗಿಸುವ ಪ್ಲಾಸ್ಟಿಕ್ ಗುಂಡಿ, ಕೆಲವದರಲ್ಲಿ ಎಲ್ ಕೀ ಹಾಕುವ ತೂತು. ಕಡ್ಡಿಗಳ ಮರೆಯಲ್ಲಿರುವುದರಿಂದ ಅದು ಬೇಗ ಕಣ್ಣಿಗೆ ಬೀಳುವುದಿಲ್ಲ. ಇತ್ತ ತೋಳಿನ ಓಟಕ್ಕೂ ಒಂದು ಮಿತಿ ಇದೆ. ಕೇಬಲ್ ಎಳೆದು ಅರ್ಧ ಓಟವನ್ನು ಮೊದಲೇ ತಿಂದುಹಾಕಿದರೆ, ಪ್ಯಾಡ್ ಸ್ವಲ್ಪ ಸವೆದ ಕೂಡಲೇ ಮಿಕ್ಕರ್ಧವೂ ಮುಗಿಯುತ್ತದೆ. ಎರಡು ದಿನಕ್ಕೆ ಮತ್ತೆ ಲಿವರ್ ಹ್ಯಾಂಡಲ್‌ಗೆ ತಾಗುವುದು ಹೀಗೆ. ಟಿಆರ್‌ಪಿ ಸ್ಪೈರ್ ರೀತಿಯಲ್ಲಿ ಎರಡೂ ಪ್ಯಾಡ್ ಚಲಿಸುವ ಬ್ರೇಕುಗಳೂ ಇವೆ. ಅವುಗಳಲ್ಲಿ ಡಿಸ್ಕ್ ನಟ್ಟನಡುವೆ ಇರುವಂತೆ ಕೂರಿಸಬೇಕು. ನಾನಿಲ್ಲಿ ಹೇಳುತ್ತಿರುವುದು ಒಂದೇ ಪ್ಯಾಡ್ ಚಲಿಸುವವುಗಳ ಬಗ್ಗೆ.

ಬಯಲುಸೀಮೆ ಅಂತ ಹೆಸರಿದ್ದರೂ ನಮ್ಮೂರು ಸಮತಟ್ಟಾದ ಊರೇನಲ್ಲ. ಕೋಟೆ ಸುತ್ತಿನ ಬೀದಿಗಳಲ್ಲೇ ಏರಿಳಿತ ಇದೆ. ಆಡುಮಲ್ಲೇಶ್ವರದ ಕಡೆಯಿಂದ ಜೋಗಿಮಟ್ಟಿ ಬೆಟ್ಟ ಹತ್ತಿದವರು ಇಳಿಯುವಾಗ ತಿರುವಿನ ಮೇಲೆ ತಿರುವು ದಾಟಬೇಕು. ಅಲ್ಲಿ ಲಿವರ್ ಹ್ಯಾಂಡಲ್‌ಗೆ ತಾಗಿದರೆ ಮುಂದೇನು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಈ ಕೆಲಸವನ್ನು ಅರ್ಧಂಬರ್ಧ ಮಾಡಿ ಸೈಕಲ್ ಕಳಿಸಲು ನನಗೆ ಮನಸ್ಸು ಬರುವುದಿಲ್ಲ. ಗಿರಾಕಿ ಅವಸರ ಮಾಡಿದರೂ ಅರ್ಧ ಗಂಟೆ ಕೂರಿಸುತ್ತೇನೆ.

ಮೊದಲು ಚಕ್ರ ನೋಡಬೇಕು, ಆಮೇಲೆ ಬ್ರೇಕ್. ಸೈಕಲ್ಲನ್ನು ನೆಲದ ಮೇಲೆ ನಿಲ್ಲಿಸಿ, ಆಕ್ಸೆಲ್ ನಟ್ ಅಥವಾ ಕ್ವಿಕ್ ರಿಲೀಸ್ ಸಡಿಲಿಸಿ, ಹ್ಯಾಂಡಲ್ ಮೇಲೆ ಭಾರ ಹಾಕಿ ಚಕ್ರವನ್ನು ಫೋರ್ಕಿನ ಸಂದಿಯಲ್ಲಿ ಪೂರ್ತಿ ಕೂರಿಸಿ ಬಿಗಿ ಮಾಡಿ. ಚಕ್ರ ಕೂದಲೆಳೆಯಷ್ಟು ಓರೆ ಕೂತರೂ ಡಿಸ್ಕ್ ಪ್ಯಾಡಿಗೆ ಉಜ್ಜುತ್ತದೆ. ಪಂಕ್ಚರ್ ಹಾಕಿಸಿದ ಮೇಲೆ ಸರ್ ಸರ್ ಸದ್ದು ಶುರುವಾಯಿತು ಅನ್ನುವವರ ಸೈಕಲ್ಲಿಗೆ ಎಷ್ಟೋ ಸಲ ಇಷ್ಟು ಮಾಡಿದರೆ ಸಾಕು. ಆಮೇಲೆ ಡಿಸ್ಕನ್ನು ಚಕ್ರದ ನಡುವಿನ ಹಬ್‌ಗೆ ಹಿಡಿದಿರುವ ಆರು ಬೋಲ್ಟ್ ಬಿಗಿಯಾಗಿವೆಯೇ ನೋಡಿ. ಅವಕ್ಕೆ ಟಿ25 ಅಳತೆಯ ಸ್ಟಾರ್ ಕೀ ಬೇಕು. ಚಕ್ರ ತಿರುಗಿಸಿ ಡಿಸ್ಕ್ ಅತ್ತಿತ್ತ ಓಲಾಡುತ್ತದೆಯೇ ಗಮನಿಸಿ. ಸಣ್ಣ ಬೆಂಡ್ ಇದ್ದರೆ ಶುಭ್ರವಾದ ಬಟ್ಟೆ ಸುತ್ತಿದ ಸ್ಪ್ಯಾನರಿನಿಂದ ತುಸುತುಸುವೇ ತಿರುಗಿಸಿ ಸರಿ ಮಾಡಬಹುದು. ಒಂದೇ ಸಲಕ್ಕೆ ಜೋರು ಮಾಡಿದರೆ ಇನ್ನೊಂದು ಕಡೆಗೆ ಬೆಂಡಾಗುತ್ತದೆ. ಡಿಸ್ಕ್ ನೋಡಲು ಚಕ್ರ ತಿರುಗಿಸುವಾಗ ಪಕ್ಕದಲ್ಲಿ ಚಿಕ್ಕ ಮಕ್ಕಳು ಇರಬಾರದು. ಡಿಸ್ಕಿನ ತೂತುಗಳಿಗೆ ಬೆರಳು ಸಿಕ್ಕರೆ ಬೆರಳೇ ಹೋಗುತ್ತದೆ.

ಈಗ ಕ್ಯಾಲಿಪರ್. ಕೇಬಲ್ ಹಿಡಿದಿರುವ ಬೋಲ್ಟ್ ಬಿಚ್ಚಿ, ತೋಳು ತನ್ನಷ್ಟಕ್ಕೆ ಪೂರ್ತಿ ಹಿಂದಕ್ಕೆ ಹೋಗಿ ನಿಲ್ಲಲಿ. ಲಿವರ್ ಹತ್ತಿರ ಕೇಬಲ್ ಬಿಗಿ ಮಾಡುವ ಅಡ್ಜಸ್ಟರ್ ಇರುತ್ತದೆ, ಅದನ್ನು ಪೂರ್ತಿ ಒಳಗೆ ತಿರುಗಿಸಿ ಒಂದೆರಡು ಸುತ್ತು ಮಾತ್ರ ಹೊರಗೆ ತನ್ನಿ. ಕ್ಯಾಲಿಪರನ್ನು ಫೋರ್ಕಿಗೆ ಹಿಡಿದ ಎರಡು ಬೋಲ್ಟುಗಳನ್ನು, ಅದು ಕೈಯಲ್ಲಿ ಅತ್ತಿತ್ತ ಜಾರುವಷ್ಟು ಸಡಿಲಿಸಿ. ಒಳಗಿನ ಪ್ಯಾಡಿನ ತಿರುಪನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ಅಲ್ಲಿಂದ ಒಂದು ಸುತ್ತಿನಷ್ಟು ಮುಂದೆ ತನ್ನಿ. ಇನ್ನು ಒಂದು ವಿಸಿಟಿಂಗ್ ಕಾರ್ಡ್ ತೆಗೆದುಕೊಂಡು ಒಳಗಿನ ಪ್ಯಾಡಿಗೂ ಡಿಸ್ಕಿಗೂ ನಡುವೆ ತೂರಿಸಿ. ಕಾರ್ಡಿನ ದಪ್ಪ ಸುಮಾರು 0.3 ಮಿಲಿಮೀಟರ್, ನಮಗೆ ಬೇಕಾದ ಸಂದಿಯೂ ಅಷ್ಟೇ. ತೋಳನ್ನು ಕೈಯಿಂದಲೇ ಒತ್ತಿ ಹಿಡಿಯಿರಿ. ಸಡಿಲವಾಗಿರುವ ಕ್ಯಾಲಿಪರ್ ತಾನೇ ಜಾರಿ ಡಿಸ್ಕಿಗೆ ನೇರವಾಗಿ ಕೂರುತ್ತದೆ. ಒತ್ತಿದ ಕೈ ಬಿಡದೆ ಎರಡೂ ಬೋಲ್ಟನ್ನು ಸರದಿ ಮೇಲೆ ಕಾಲು ಸುತ್ತು, ಕಾಲು ಸುತ್ತು ಬಿಗಿ ಮಾಡುತ್ತಾ ಬನ್ನಿ. ಒಂದನ್ನೇ ಒಮ್ಮೆಲೇ ಬಿಗಿ ಮಾಡಿದರೆ ಅದು ತಿರುಗುವಾಗ ಕ್ಯಾಲಿಪರನ್ನೂ ಎಳೆದುಕೊಂಡು ಹೋಗುತ್ತದೆ, ಕೂರಿಸಿದ್ದೆಲ್ಲ ವ್ಯರ್ಥ. ಕೊನೆಯ ಬಿಗಿತ 6 ರಿಂದ 8 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದವರು ಗಿಡ್ಡ ಎಲ್ ಕೀಯಲ್ಲಿ ಗಟ್ಟಿಯಾಗಿ ಬಿಗಿದರೆ ಆಯಿತು, ಅದಕ್ಕೆ ಪೈಪ್ ತೂರಿಸಿ ಎಳೆಯಬಾರದು.

ಕಾರ್ಡ್ ಎಳೆದು ತೆಗೆಯಿರಿ. ಕ್ಯಾಲಿಪರಿನ ಹಿಂದೆ ಬಿಳಿ ಕಾಗದ ಹಿಡಿದು, ಮುಂದಿನಿಂದ ಸಂದಿಯಲ್ಲಿ ಇಣುಕಿ. ಡಿಸ್ಕಿನ ಎರಡೂ ಬದಿಗೆ ತೆಳ್ಳಗಿನ ಬಿಳಿ ಗೆರೆ ಕಾಣಬೇಕು, ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇರಬೇಕು. ಗೆರೆ ಮೇಲೆ ಅಗಲ, ಕೆಳಗೆ ಸಣ್ಣ ಆಗಿದ್ದರೆ ಕ್ಯಾಲಿಪರ್ ಓರೆ ಕೂತಿದೆ ಎಂದರ್ಥ. ಹಾಗಿದ್ದರೆ ಬೇಸರ ಮಾಡದೆ ಬೋಲ್ಟ್ ಸಡಿಲಿಸಿ ಮತ್ತೆ ಕೂರಿಸಿ. ಇಡೀ ಸೆಟ್ಟಿಂಗ್‌ನಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದು ಈ ಬಿಳಿ ಗೆರೆ ನೋಡುವುದರಲ್ಲಿ. ಇದು ಸರಿ ಬಂದರೆ ಮುಂದಿನದೆಲ್ಲ ಸುಲಭ.

ಆಮೇಲೆಯೇ ಕೇಬಲ್. ತೋಳನ್ನು ಅಲುಗಿಸದೆ ತಂತಿಯ ಸಡಿಲ ಮಾತ್ರ ಹೋಗುವಂತೆ ಎಳೆದು ಬೋಲ್ಟ್ ಬಿಗಿ ಮಾಡಿ. ಲಿವರನ್ನು ಹತ್ತು ಹದಿನೈದು ಸಲ ಜೋರಾಗಿ ಒತ್ತಿ ಬಿಡಿ. ಹೊಸ ಕೇಬಲ್ಲಿನ ಔಟರ್, ಅಂದರೆ ತಂತಿಯ ಮೇಲಿನ ಕೊಳವೆಯ, ತುದಿಗಳು ಗೂಡಿನಲ್ಲಿ ಕೂತು ಮತ್ತೆ ಸಡಿಲ ಬರುತ್ತದೆ, ಅದನ್ನೂ ಎಳೆದುಕೊಳ್ಳಿ. ಲಿವರ್ ಮೂರನೇ ಒಂದು ಭಾಗದಿಂದ ಅರ್ಧದೊಳಗೆ ಬಂದಾಗ ಬ್ರೇಕ್ ಕಚ್ಚಬೇಕು. ಔಟರ್ ಬದಲಿಸುವುದಿದ್ದರೆ ಬ್ರೇಕಿನದ್ದೇ ಹಾಕಿ. ಗೇರಿನ ಔಟರ್ ನೋಡಲು ಹಾಗೇ ಇದ್ದರೂ 4 ಮಿಲಿಮೀಟರ್ ದಪ್ಪದ್ದು, ಒಳಗಿನ ಉಕ್ಕಿನ ಎಳೆಗಳು ಉದ್ದಕ್ಕೆ ಹೋಗಿರುತ್ತವೆ. ಜೋರಾಗಿ ಬ್ರೇಕ್ ಹಿಡಿದಾಗ ಅದು ಒಡೆದುಹೋಗಬಹುದು. ಬ್ರೇಕಿನ ಔಟರ್ ಸಾಮಾನ್ಯವಾಗಿ 5 ಮಿಲಿಮೀಟರ್, ಒಳಗೆ ಸುರುಳಿ ಇರುತ್ತದೆ.

ಇಷ್ಟೆಲ್ಲ ಮಾಡಿದರೂ ಹೊಸ ಪ್ಯಾಡ್ ಮೊದಲ ದಿನ ಸರಿಯಾಗಿ ಹಿಡಿಯುವುದಿಲ್ಲ. ಇಲ್ಲೇ ಎಲ್ಲರೂ ಗಾಬರಿಯಾಗುವುದು, ಇಲ್ಲೇ ಮತ್ತೆ ಕೇಬಲ್ ಎಳೆಯುವುದು. ಹೊಸ ಪ್ಯಾಡು, ಹೊಸ ಡಿಸ್ಕು ಎರಡರ ಮುಖವೂ ಇನ್ನೂ ಒಂದಕ್ಕೊಂದು ಕೂತಿರುವುದಿಲ್ಲ. ಹೊಸ ದೋಸೆ ಹೆಂಚನ್ನು ಪಳಗಿಸಿದ ಹಾಗೆ ಇದನ್ನೂ ಪಳಗಿಸಬೇಕು. ಬಿಸಿಯಲ್ಲಿ ಪ್ಯಾಡಿನ ಪದಾರ್ಥ ಸ್ವಲ್ಪಸ್ವಲ್ಪವೇ ಡಿಸ್ಕಿಗೆ ಹತ್ತಿ ತೆಳ್ಳನೆಯ ಒಂದು ಪದರ ಕೂರುತ್ತದೆ. ಆ ಪದರ ಎಲ್ಲ ಕಡೆ ಸಮ ಇದ್ದರೆ ಬ್ರೇಕ್ ಗಟ್ಟಿಯಾಗಿ, ಸದ್ದಿಲ್ಲದೆ ಹಿಡಿಯುತ್ತದೆ. ಅಲ್ಲಲ್ಲಿ ಗಂಟುಗಂಟಾಗಿ ಕೂತರೆ ಲಿವರಿನಲ್ಲಿ ಗಡಗಡ ಅದುರು.

ಪಳಗಿಸುವ ಕ್ರಮ ಹೀಗೆ. ವಾಹನ ಇಲ್ಲದ ಸಮತಟ್ಟು ರಸ್ತೆ ಹುಡುಕಿ, ಬಡಾವಣೆಯ ರಸ್ತೆಯಲ್ಲಿ ಬೆಳಗಿನ ಜಾವ ಆದರೆ ಒಳ್ಳೆಯದು. ಮಧ್ಯಮ ವೇಗಕ್ಕೆ ತುಳಿದು, ಮುಂದಿನ ಬ್ರೇಕ್ ಒಂದನ್ನೇ ಹದವಾಗಿ ಒತ್ತುತ್ತಾ ನಡಿಗೆಯ ವೇಗಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬಾರದು. ನಡಿಗೆಯ ವೇಗಕ್ಕೆ ಬಂದ ಕೂಡಲೇ ಲಿವರ್ ಬಿಟ್ಟು ಮತ್ತೆ ತುಳಿಯಿರಿ. ಹೀಗೆ 20 ಸಲ. ಆಮೇಲೆ ಇನ್ನೂ ಹೆಚ್ಚು ವೇಗದಿಂದ, ಇನ್ನೂ ಗಟ್ಟಿಯಾಗಿ 10 ಸಲ. ಹಿಂದಿನ ಬ್ರೇಕಿಗೂ ಬೇರೆಯಾಗಿ ಇಷ್ಟೇ. ಎಲ್ಲೂ ಚಕ್ರ ಜಾಮ್ ಆಗಿ ಜಾರಬಾರದು. ಬಿಸಿ ಪ್ಯಾಡನ್ನು ನಿಂತ ಡಿಸ್ಕಿಗೆ ಅದುಮಿ ಹಿಡಿದರೆ ಆ ಜಾಗದಲ್ಲಿ ಮಾತ್ರ ಪದಾರ್ಥ ಅಚ್ಚೊತ್ತಿಕೊಳ್ಳುತ್ತದೆ. ಗಡಗಡ ಅದುರು ಶುರುವಾಗುವುದು ಅಲ್ಲಿಂದ. ಮೊದಲ ಹತ್ತು ಸಲ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಹದಿನೈದು ದಾಟಿದ ಮೇಲೆ ಬೆರಳಿಗೇ ವ್ಯತ್ಯಾಸ ಗೊತ್ತಾಗುತ್ತದೆ. ಮುಗಿದ ಕೂಡಲೇ ಡಿಸ್ಕ್ ಮುಟ್ಟಬೇಡಿ, ಚರ್ಮ ಸುಡುವಷ್ಟು ಕಾದಿರುತ್ತದೆ.

ಜೋಗಿಮಟ್ಟಿ ಇಳಿಯುವಾಗ ತಾನೇ ಪಳಗುತ್ತದೆ ಬಿಡಿ ಅನ್ನುವ ಹುಡುಗರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಳಿಜಾರಿನಲ್ಲಿ ಹಿಡಿದೇ ಇಳಿಯುವುದರಿಂದ ಹೊಸ ಪ್ಯಾಡ್ ತಣಿಯಲು ಬಿಡುವೇ ಸಿಗದೆ ಮೇಲ್ಮುಖ ಗಾಜಿನಷ್ಟು ನುಣುಪಾಗಿಬಿಡುತ್ತದೆ. ಆಮೇಲೆ ಅದನ್ನು ಬಿಚ್ಚಿ, ಸಮತಟ್ಟು ಕಲ್ಲಿನ ಮೇಲೆ ಮರಳುಕಾಗದ ಇಟ್ಟು ಉಜ್ಜಿ ಮೊದಲಿನಿಂದ ಪಳಗಿಸಬೇಕು. ಪಳಗಿದ ಬ್ರೇಕಿನಲ್ಲೂ ಇಳಿಯುವಾಗ ಸದಾ ಅದುಮಿ ಹಿಡಿಯದೆ, ತಿರುವಿನ ಮುಂಚೆ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ ಬಿಡಿ. ಬಿಟ್ಟ ಹೊತ್ತಿನಲ್ಲೇ ಡಿಸ್ಕ್ ತಣಿಯುವುದು.

ಪಳಗಿಸುವ ಮೊದಲು ಡಿಸ್ಕ್ ಒರೆಸಬೇಕು. ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಮೊಬೈಲ್ ರಿಪೇರಿಯವರು ಅದನ್ನೇ ಬಳಸುವುದು, ಕೇಳಿದರೆ ಎಲ್ಲಿ ಸಿಗುತ್ತದೆ ಎಂದು ಹೇಳುತ್ತಾರೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇರುತ್ತದೆ. ಸೀಮೆಎಣ್ಣೆ ಅಂತೂ ಬೇಡವೇ ಬೇಡ, ಜಿಡ್ಡು ಉಳಿಯುತ್ತದೆ. ನಮ್ಮ ಕಡೆ ಮಳೆ ಕಡಿಮೆ, ಧೂಳು ಜಾಸ್ತಿ. ಧೂಳಿಗೆ ಚೈನ್ ಒಣಗಿತು ಅಂತ ಸ್ಪ್ರೇ ಹೊಡೆಯುವಾಗ ಹಿಂದಿನ ಡಿಸ್ಕಿಗೆ ಹನಿ ಬಿದ್ದರೆ ಪ್ಯಾಡ್ ಅದನ್ನು ಕುಡಿದುಬಿಡುತ್ತದೆ. ಕೀಂಯ್ ಅಂತ ಅರಚಿಕೊಂಡು ಹಿಡಿಯದೆ ಹೋಗುವ ಬ್ರೇಕುಗಳಲ್ಲಿ ಬಹಳಷ್ಟು ಈ ಜಾತಿಯವು. ಅಂಥ ಪ್ಯಾಡನ್ನು ಸುಟ್ಟು, ತೊಳೆದು ಉಳಿಸಲು ಹೋಗುವುದಕ್ಕಿಂತ ಬದಲಿಸುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಚೈನಿಗೆ ಎಣ್ಣೆಯನ್ನು ಹನಿಹನಿಯಾಗಿ ಬಿಡಿ, ಸ್ಪ್ರೇ ಬಳಸಲೇಬೇಕಿದ್ದರೆ ಡಿಸ್ಕಿಗೆ ಬಟ್ಟೆ ಮುಚ್ಚಿ.

ಆನ್‌ಲೈನಲ್ಲಿ ತರಿಸಿ ಮನೆಯಲ್ಲೇ ಜೋಡಿಸುವವರು ಇನ್ನೊಂದು ನೋಡಿಕೊಳ್ಳಬೇಕು. ಪೆಟ್ಟಿಗೆಯಿಂದ ತೆಗೆದು ಹ್ಯಾಂಡಲ್ ಹಾಕುವಾಗ ಫೋರ್ಕ್ ಹಿಂದುಮುಂದಾಗಿರುವುದನ್ನು ಗಮನಿಸದೆ ಬಿಗಿದುಬಿಡುತ್ತಾರೆ. ಮುಂದಿನ ಕ್ಯಾಲಿಪರ್ ಸವಾರನ ಎಡಗಡೆ, ಫೋರ್ಕಿನ ಹಿಂಬದಿಗೆ ಇರಬೇಕು. ಬಲಗಡೆ ಮುಂದೆ ಕಂಡರೆ ಫೋರ್ಕ್ ತಿರುಗಿಸಿ. ಸಾಗಣೆಗೆಂದು ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ತುಂಡು ಇಟ್ಟಿದ್ದರೆ ಅದನ್ನೂ ತೆಗೆಯಬೇಕು.

ಪಳಗಿದ ಮೇಲೆ ಒಂದು ವಾರ ಓಡಿಸಿ ಮತ್ತೆ ಬಿಳಿ ಕಾಗದ ಹಿಡಿದು ನೋಡಿ. ಒಳಗಿನ ಸಂದಿ ಹೆಚ್ಚಿದ್ದರೆ ಮೊದಲು ಒಳಗಿನ ತಿರುಪನ್ನು ಸ್ವಲ್ಪ ಒಳಕ್ಕೆ ತನ್ನಿ. ಹೊರಗಿನ ಪ್ಯಾಡಿಗೂ ತಿರುಪು ಇದ್ದರೆ ಅದನ್ನೂ. ಇಲ್ಲದಿದ್ದಲ್ಲಿ ಮಾತ್ರ ಕೇಬಲ್ ಅಡ್ಜಸ್ಟರ್ ಮುಟ್ಟಿ, ಅದೂ ತೋಳು ಅಲುಗದಷ್ಟು. ಪ್ಯಾಡಿನ ಪದಾರ್ಥ 0.5 ಮಿಲಿಮೀಟರ್‌ಗೆ ಬರುವ ಮೊದಲು ಬದಲಿಸಿ. ಅದಕ್ಕಿಂತ ಸವೆದರೆ ಹಿಂದಿನ ಲೋಹದ ತಗಡು ಡಿಸ್ಕನ್ನು ಕೆರೆಯಲು ಶುರು ಮಾಡುತ್ತದೆ. ಡಿಸ್ಕ್ ಹೊಸದಿದ್ದಾಗ ಸಾಮಾನ್ಯವಾಗಿ 1.8 ಮಿಲಿಮೀಟರ್ ದಪ್ಪ. ಎಷ್ಟಕ್ಕೆ ಇಳಿದರೆ ಬದಲಿಸಬೇಕು ಎಂದು ಡಿಸ್ಕಿನ ಮೇಲೆಯೇ ಅಚ್ಚು ಹಾಕಿರುತ್ತಾರೆ, ಶಿಮಾನೊದವಕ್ಕೆ ಅದು 1.5. ಕೆಲವು ಡಿಸ್ಕಿನ ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದೂ ಇರುತ್ತದೆ. ಅಂಥದ್ದಕ್ಕೆ ಮೆಟಲ್ ಪ್ಯಾಡ್ ಹಾಕಿದರೆ ಡಿಸ್ಕ್ ಬೇಗ ಸವೆಯುತ್ತದೆ. ಪ್ಯಾಡಿನ ಆಕಾರ ಬ್ರೇಕಿನಿಂದ ಬ್ರೇಕಿಗೆ ಬೇರೆ ಇರುವುದರಿಂದ, ಕೊಳ್ಳಲು ಹೋಗುವಾಗ ಹಳೆಯದನ್ನು ಬಿಚ್ಚಿ ಜೊತೆಗೆ ಒಯ್ಯಿರಿ.