ಚೀನಾದಲ್ಲಿ ಲಂಚ ತಿಂದವರನ್ನೆಲ್ಲ ಗುಂಡಿಕ್ಕಿ ಕೊಲ್ತಾರಾ?

ಪ್ರಶ್ನೆ: ಚೀನಾದ ಝಾವೊ ಝೆಂಗ್‌ಯೊಂಗ್ ಎಂಬ ನಾಯಕನಿಗೆ ಲಂಚದ ಕೇಸಿನಲ್ಲಿ ಮರಣದಂಡನೆ ಆಯಿತಂತೆ. ಕೊಂದೇಬಿಟ್ಟರಾ?

ಉತ್ತರ: ಇಲ್ಲ, ಕೊಲ್ಲಲಿಲ್ಲ. ಈ ಪ್ರಶ್ನೆ ಬರುತ್ತಲೇ ಇರುತ್ತದೆ, ನಾನೂ ಉತ್ತರ ಬರೆಯುತ್ತಲೇ ಇದ್ದೇನೆ. ಇವತ್ತು ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ.

ಝಾವೊ ಮೊದಲು ಉಕ್ಕಿನ ಕಾರ್ಖಾನೆಯಲ್ಲಿದ್ದ. ಆಮೇಲೆ ಆನ್‌ಹುಯ್ ಪ್ರಾಂತ್ಯದ ಪೊಲೀಸ್ ಮುಖ್ಯಸ್ಥನಾದ. 2001ರಲ್ಲಿ ಶಾನ್‌ಶಿ ಪ್ರಾಂತ್ಯಕ್ಕೆ ಬಂದ, ಕೆಲವು ವರ್ಷಗಳ ನಂತರ ಅಲ್ಲಿನ ಗವರ್ನರ್ ಆದ, 2012ರ ಕೊನೆಗೆ ಪಕ್ಷದ ಕಾರ್ಯದರ್ಶಿಯಾದ. ಅಲ್ಲಿ ಗವರ್ನರ್‌ಗಿಂತ ಪಕ್ಷದ ಕಾರ್ಯದರ್ಶಿಯೇ ದೊಡ್ಡವನು, ಇದು ನೆನಪಿರಲಿ.

ಆತನ ಹೆಸರು ಕೆಟ್ಟಿದ್ದು ಅದೇ ಪ್ರಾಂತ್ಯದ ಚಿನ್‌ಲಿಂಗ್ ಬೆಟ್ಟದ ಅಕ್ರಮ ಬಂಗಲೆಗಳಿಂದ. ತೆರವು ಮಾಡಿಸಿ ಎಂದು ಷಿ ಜಿನ್‌ಪಿಂಗ್ 2014ರಲ್ಲೇ ಸೂಚನೆ ಕಳಿಸಿದ್ದರು. ಇರುವುದು 202 ಬಂಗಲೆ ಎಂದು ಪ್ರಾಂತ್ಯದಿಂದ ವರದಿ ಹೋಯಿತು. 2018ರಲ್ಲಿ ಕೇಂದ್ರದ ತಂಡ ಬಂದು ಎಣಿಸಿದಾಗ ಸಿಕ್ಕಿದ್ದು 1,194! ಒಂದು ಬಂಗಲೆಯಲ್ಲಿ ನಾಯಿಮನೆಯೇ 78 ಚದರ ಮೀಟರ್ ಇತ್ತು. ನಮ್ಮ ಅಳತೆಯಲ್ಲಿ ಎಂಟುನೂರು ಚದರ ಅಡಿಗೂ ಜಾಸ್ತಿ, ಒಂದು ಡಬಲ್ ಬೆಡ್‌ರೂಮ್ ಮನೆಯಷ್ಟು. 2019ರ ಜನವರಿ 9ರಂದು ಸರ್ಕಾರಿ ಟೀವಿಯಲ್ಲಿ ಈ ಕಥೆಯೆಲ್ಲ ಬಂತು. 15ರಂದು ಝಾವೊ ಮೇಲೆ ತನಿಖೆ ಎಂದು ಪ್ರಕಟಣೆ ಹೊರಬಿತ್ತು.

2020ರ ಜುಲೈ 31ಕ್ಕೆ ತೀರ್ಪು. ಲಂಚದ ಮೊತ್ತ 71.7 ಕೋಟಿ ಯುವಾನ್, ಆಗಿನ ಲೆಕ್ಕದಲ್ಲಿ 750 ಕೋಟಿ ರೂಪಾಯಿಗೂ ಮೇಲೆ. ಶಿಕ್ಷೆ: ಎರಡು ವರ್ಷ ತಡೆಹಿಡಿದ ಮರಣದಂಡನೆ.

ಎಲ್ಲರೂ ಎಡವುವುದು ಈ 'ತಡೆಹಿಡಿದ' ಎಂಬ ಪದದಲ್ಲೇ. ತಲೆಬರಹದಲ್ಲಿ ಅದು ಬಿದ್ದುಹೋಗುತ್ತದೆ, ಮರಣದಂಡನೆ ಮಾತ್ರ ಉಳಿಯುತ್ತದೆ. ಆ ಎರಡು ವರ್ಷ ಜೈಲಿನಲ್ಲಿ ಬೇಕೆಂದೇ ಹೊಸ ಅಪರಾಧ ಮಾಡದಿದ್ದರೆ ಮರಣದಂಡನೆ ಜೀವಾವಧಿಗೆ ಇಳಿಯುತ್ತದೆ. ಮೊದಲೆಲ್ಲ ಜೀವಾವಧಿಯೂ ಸನ್ನಡತೆ ಹೆಸರಲ್ಲಿ ಕಡಿಮೆಯಾಗುತ್ತಿತ್ತು. 2015ರಲ್ಲಿ ಕಾನೂನು ತಿದ್ದಿದರು. ಈಗ ಕೋರ್ಟು ಬಯಸಿದರೆ 'ಶಿಕ್ಷೆ ಕಡಿತವಿಲ್ಲ, ಪೆರೋಲ್ ಇಲ್ಲ, ಸಾಯುವ ತನಕ ಜೈಲು' ಎಂದು ಮೊದಲೇ ಬರೆಯಬಹುದು. ಇದು ಮೊದಲು ಬಿದ್ದಿದ್ದು 2016ರಲ್ಲಿ, ಯುನಾನ್ ಪ್ರಾಂತ್ಯದ ಮಾಜಿ ಕಾರ್ಯದರ್ಶಿ ಬಾಯ್ ಎನ್‌ಪೆಯ್ ಮೇಲೆ. ಝಾವೊಗೂ ಇದೇ ಆಯಿತು.

ಹಾಗಾದರೆ ಯಾರನ್ನೂ ಕೊಂದೇ ಇಲ್ವಾ? ಕೊಂದಿದ್ದಾರೆ. 2000ದಲ್ಲಿ ಗುವಾಂಗ್‌ಶಿಯ ಮಾಜಿ ಮುಖ್ಯಸ್ಥ ಚೆಂಗ್ ಕೆಜಿಯೆ, 2021ರಲ್ಲಿ ಹಣಕಾಸು ಕಂಪನಿಯ ಲಾಯ್ ಶಿಯಾವೊಮಿನ್. ಆದರೆ ದೊಡ್ಡ ಮೊತ್ತ ಎಂದ ಮಾತ್ರಕ್ಕೆ ಗುಂಡು ಎಂದೇನಿಲ್ಲ. ಲೂಲಿಯಾಂಗ್ ಎಂಬ ಊರಿನ ಉಪಮೇಯರ್ ಝಾಂಗ್ ಝೊಂಗ್‌ಶೆಂಗ್ ತಿಂದಿದ್ದು 100 ಕೋಟಿ ಯುವಾನ್‌ಗೂ ಜಾಸ್ತಿ, ಅಂದರೆ ಝಾವೊಗಿಂತ ಹೆಚ್ಚು. 2018ರಲ್ಲಿ ಆತನಿಗೆ ನೇರ ಮರಣದಂಡನೆಯೇ ಆಗಿತ್ತು. 2021ರಲ್ಲಿ ಅದನ್ನೂ ತಡೆಹಿಡಿದರು.

"ಗುಂಡಿನ ಭಯಕ್ಕೇ ಅಲ್ಲಿ ಲಂಚ ಇಲ್ಲ" ಎನ್ನುವ ವಾಟ್ಸಾಪ್ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಚೆಂಗ್‌ನನ್ನು ಕೊಂದಿದ್ದು 2000ದಲ್ಲಿ. ತೀರ್ಪಿನ ಪ್ರಕಾರ ಝಾವೊ ಲಂಚ ತಿಂದಿದ್ದು 2003ರಿಂದ 2018ರ ತನಕ. ಆ ಸುದ್ದಿ ಆತನಿಗೆ ಗೊತ್ತಿರಲಿಲ್ಲ ಅಂತೀರಾ? ಆತ ಪೊಲೀಸ್ ಇಲಾಖೆಯಲ್ಲೇ ಇದ್ದವನು.

ಇನ್ನೊಂದು ವಿಷಯ, ಇದನ್ನು ಯಾರೂ ಕೇಳುವುದಿಲ್ಲ, ನನಗೆ ಮಾತ್ರ ಹೇಳುವ ಆಸೆ. ಆಳಿದ್ದು ಶಾನ್‌ಶಿಯಲ್ಲಿ, ವಿಚಾರಣೆ ನಡೆದದ್ದು ದೂರದ ಟಿಯಾಂಜಿನ್‌ನಲ್ಲಿ. ಯಾಕೆ? ದೊಡ್ಡ ನಾಯಕರ ಕೇಸನ್ನು ಅವರು ಆಳಿದ ಜಾಗದಲ್ಲಿ ನಡೆಸುವುದಿಲ್ಲ, ಅಲ್ಲಿನ ಜಡ್ಜುಗಳ ಮೇಲೆ ಅವರ ಹಿಡಿತ ಇರಬಹುದು ಅಂತ. ಚೊಂಗ್‌ಚಿಂಗ್ ನಗರವನ್ನು ಆಳಿದ ಬೊ ಶಿಲಾಯ್‌ನ ಕೇಸು ಜಿನಾನ್‌ನಲ್ಲಿ ನಡೆಯಿತು, ಬಾಯ್ ಎನ್‌ಪೆಯ್‌ದು ಹೆನಾನ್‌ನ ಆನ್‌ಯಾಂಗ್‌ನಲ್ಲಿ. ಝಾವೊ ವಿಷಯದಲ್ಲಂತೂ ಇದು ಬೇಕೇ ಬೇಕಿತ್ತು. 2001ರಲ್ಲಿ ಶಾನ್‌ಶಿಗೆ ಬಂದಾಗ ಆತನಿಗೆ ಸಿಕ್ಕ ಮೊದಲ ಹುದ್ದೆಯೇ ಆ ಪ್ರಾಂತ್ಯದ ಪೊಲೀಸು ಮತ್ತು ಕೋರ್ಟುಗಳ ಮೇಲ್ವಿಚಾರಣೆ.