ಚಲಾವಣೆಗೇ ಬಾರದ ನಾಣ್ಯದ ಮೇಲೆ ಇಷ್ಟೊಂದು ಮೋಹವೇಕೆ?

ಓದುಗರ ಪ್ರಶ್ನೆ: ಯಾರ ಕೈಯಲ್ಲೂ ಓಡಾಡದ, ಯಾವ ಅಂಗಡಿಯ ಗಲ್ಲಾಪೆಟ್ಟಿಗೆಗೂ ಬೀಳದ ಮಾದರಿ ನಾಣ್ಯಗಳನ್ನು ಸಂಗ್ರಾಹಕರು ಅಷ್ಟು ಬೆಲೆ ಕೊಟ್ಟು ಕೊಳ್ಳುವುದೇಕೆ? ನಮ್ಮ ಮನೆಯಲ್ಲಿಯೂ ಅಂಥದೊಂದು ಇದೆ. ಅದಕ್ಕೆ ಎಷ್ಟು ಬರಬಹುದು?

ಈ ಪ್ರಶ್ನೆಯ ಮೊದಲರ್ಧ ನನಗೆ ಬಹಳ ಇಷ್ಟ. ಎರಡನೆಯ ಅರ್ಧಕ್ಕೆ ಮಾತ್ರ ಚಿತ್ರದುರ್ಗದಲ್ಲಿ, ಹಿರಿಯೂರಿನಲ್ಲಿ, ಚಳ್ಳಕೆರೆಯ ಮದುವೆ ಮನೆಗಳಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಎರಡನ್ನೂ ಇಲ್ಲಿಯೇ ಬರೆದುಬಿಡುತ್ತೇನೆ.

ಟಂಕಸಾಲೆಯು ಹೊಸ ನಾಣ್ಯ ಹೊರಡಿಸುವ ಮುನ್ನ ಚಿತ್ರ ಹೇಗೆ ಮೂಡುತ್ತದೆ, ಲೋಹವು ಅಚ್ಚಿನ ಒತ್ತಡಕ್ಕೆ ಹೇಗೆ ಒಗ್ಗುತ್ತದೆ, ಅಳತೆ ಕೈಗೆ ಹಿತವೇ ಎಂದು ನೋಡಲು ಬೆರಳೆಣಿಕೆಯಷ್ಟು ಬಿಲ್ಲೆಗಳನ್ನು ಒತ್ತಿ ಮೇಲಿನವರಿಗೆ ಕಳಿಸುತ್ತದೆ. ಒಪ್ಪಿಗೆಯಾದರೆ ಅದೇ ರೂಪ ಲಕ್ಷಗಟ್ಟಲೆ ಅಚ್ಚಾಗುತ್ತದೆ. ಒಪ್ಪಿಗೆಯಾಗದಿದ್ದರೆ ಆ ಕೆಲವು ಬಿಲ್ಲೆಗಳಷ್ಟೇ ಉಳಿಯುತ್ತವೆ, ಅವನ್ನು ಮಾದರಿ ನಾಣ್ಯ ಅಥವಾ ಪ್ಯಾಟರ್ನ್ ಎನ್ನುತ್ತೇವೆ. ನಮ್ಮ ದೇಶದಲ್ಲಿ ರಾಜನ ತಲೆ ಹೋಗಿ ಅಶೋಕಸ್ತಂಭದ ಸಿಂಹಗಳು ನಾಣ್ಯದ ಮೇಲೆ ಬಂದದ್ದು 1950ರ ಆಗಸ್ಟ್ 15ರಂದು. ಅದಕ್ಕೂ ಹಿಂದೆ, 1949ರ ಇಸವಿ ಹೊತ್ತ ಮಾದರಿ ರೂಪಾಯಿಗಳು ಮುಂಬಯಿ ಟಂಕಸಾಲೆಯಲ್ಲಿ ತಯಾರಾಗಿದ್ದವು. ಹೊಸ ದೇಶವೊಂದು ತನ್ನ ಗುರುತನ್ನು ಹೇಗೆ ಮೂಡಿಸಬೇಕೆಂದು ಯೋಚಿಸುತ್ತಿದ್ದ ದಿನಗಳು ಆ ಲೋಹದಲ್ಲಿ ಉಳಿದುಬಿಟ್ಟಿವೆ.

ನನ್ನನ್ನು ಈ ಹುಚ್ಚಿಗೆ ಎಳೆದದ್ದು 1663ರ ಇಂಗ್ಲೆಂಡಿನ ಒಂದು ಬೆಳ್ಳಿ ಬಿಲ್ಲೆಯ ಚಿತ್ರ. ಥಾಮಸ್ ಸೈಮನ್ ಎಂಬ ಅಚ್ಚುಗಾರ, ದೊರೆಯಿಲ್ಲದ ಕಾಲದಲ್ಲಿ ಇಂಗ್ಲೆಂಡನ್ನು ಆಳಿದ ಕ್ರಾಂವೆಲ್ಲನ ಆಡಳಿತದಲ್ಲಿ ದುಡಿದವನು. ಎರಡನೆಯ ಚಾರ್ಲ್ಸ್ ದೊರೆ ಮರಳಿ ಬಂದ ಮೇಲೆ ಕೆಲಸವು ರೋಟಿಯರ್ ಮನೆತನದವರ ಪಾಲಾಯಿತು. ಸೈಮನ್ ಅರ್ಜಿ ಬರೆಯಲು ಕಾಗದ ಹುಡುಕಲಿಲ್ಲ. ಮಾದರಿ ನಾಣ್ಯವೊಂದನ್ನು ಒತ್ತಿ, ಅದರ ಅಂಚಿನ ಮೇಲೆ, ಎರಡು ಸಾಲುಗಳಲ್ಲಿ, ತನ್ನ ಕೆಲಸವನ್ನು ಡಚ್ಚರ, ಅಂದರೆ ಆ ರೋಟಿಯರ್ ಮನೆತನದವರ, ಕೆಲಸದೊಂದಿಗೆ ಹೋಲಿಸಿ ನೋಡಿ ತನ್ನನ್ನು ಕಾಪಾಡಬೇಕೆಂದು ದೊರೆಗೆ ಬಿನ್ನಹ ಕೆತ್ತಿದ. ನಾಣ್ಯದ ಅಂಚು ಎಷ್ಟು ದಪ್ಪವಿರುತ್ತದೆ ಎಂಬುದನ್ನು ಜೇಬಿನಿಂದ ಒಂದನ್ನು ತೆಗೆದು ನೋಡಿಕೊಳ್ಳಿ; ಅಷ್ಟರಲ್ಲಿ ಎರಡು ಸಾಲು! ದೊರೆಯ ಮನಸ್ಸು ಬದಲಾಗಲಿಲ್ಲ, ಸೈಮನ್ 1665ರಲ್ಲಿ ತೀರಿಕೊಂಡ. ಆ ಅರ್ಜಿ ಮಾತ್ರ ಇಂದಿಗೂ ಓದಲು ಬರುತ್ತದೆ.

ಎಂಟನೆಯ ಎಡ್ವರ್ಡನ ಕಥೆಯೂ ಇಂಥದೇ. 1937ರ ಇಸವಿಯ ಅವನ ನಾಣ್ಯಗಳು ಸಿದ್ಧವಾಗುತ್ತಿದ್ದಾಗಲೇ, 1936ರ ಡಿಸೆಂಬರಿನಲ್ಲಿ, ಅವನು ಸಿಂಹಾಸನ ಬಿಟ್ಟ. ಹಿಂದಿನ ದೊರೆಗೆ ಎದುರು ದಿಕ್ಕಿಗೆ ಮುಖ ಮಾಡಬೇಕೆಂಬ ಸಂಪ್ರದಾಯವನ್ನು ಒಪ್ಪದೆ ತಂದೆಯಂತೆಯೇ ಎಡಕ್ಕೆ ತಿರುಗಿ ಕುಳಿತ ಅವನ ಹಟವನ್ನು ಆ ಮಾದರಿಗಳಲ್ಲಿ ಕಾಣಬಹುದು. ಯುದ್ಧಕಾಲದಲ್ಲಿ ತಾಮ್ರ ಉಳಿಸಲೆಂದು ಅಮೆರಿಕದವರು 1942ರಲ್ಲಿ ಗಾಜಿನಲ್ಲಿಯೂ ಸೆಂಟ್ ಮಾಡಿ ನೋಡಿದ್ದುಂಟು. ಚಲಾವಣೆಯ ನಾಣ್ಯ ನೋಡಿದರೆ ಏನು ನಿರ್ಧಾರವಾಯಿತೆಂದು ಮಾತ್ರ ತಿಳಿಯುತ್ತದೆ. ಇನ್ನೇನೇನು ಆಗಬಹುದಿತ್ತು ಎಂಬುದನ್ನು ತಿಳಿಯಬೇಕಾದರೆ ಮಾದರಿಯನ್ನೇ ನೋಡಬೇಕು. ಸಂಗ್ರಾಹಕನು ಹಣ ತೆರುವುದು ಇದಕ್ಕೆ.

ಈಗ ಪ್ರಶ್ನೆಯ ಎರಡನೆಯ ಅರ್ಧ, ಅದರ ಹಿಂದಿರುವ ಹಟಮಾರಿ ನಂಬಿಕೆಯ ವಿಷಯ. ‘ಮಾದರಿ ನಾಣ್ಯ’ ಎಂದು ನನ್ನ ಮುಂದೆ ಬರುವವುಗಳಲ್ಲಿ ಬಹುಪಾಲು ಒಂದೇ ಬಗೆಯವು: ಒಂದು ಬದಿಗೆ ಶ್ರೀರಾಮ ಪಟ್ಟಾಭಿಷೇಕ ಇಲ್ಲವೇ ಹನುಮಂತ, ಇನ್ನೊಂದು ಬದಿಗೆ ಇಂಗ್ಲಿಷಿನಲ್ಲಿ ‘ಈಸ್ಟ್ ಇಂಡಿಯಾ ಕಂಪನಿ’, ‘ಯುಕೆಎಲ್ ಒನ್ ಆನಾ’ ಎಂಬ ಬರಹ ಮತ್ತು 1818 ಎಂಬ ಇಸವಿ. ಕೆಲವದರಲ್ಲಿ 1717, ಕೆಲವದರಲ್ಲಿ 1616. ಇದು ಯಾವ ಪುಸ್ತಕದಲ್ಲಿಯೂ ಇಲ್ಲವಲ್ಲ ಎಂದರೆ, ‘ಅದಕ್ಕೇ ಸಾರ್, ಕಂಪನಿಯವರು ಪರೀಕ್ಷೆಗೆಂದು ಒತ್ತಿ ಕೈಬಿಟ್ಟದ್ದು ಇದು’ ಎಂಬ ಉತ್ತರ ತುದಿನಾಲಿಗೆಯಲ್ಲಿ ಸಿದ್ಧವಾಗಿರುತ್ತದೆ. ದಯವಿಟ್ಟು ತಾಳ್ಮೆಯಿಂದ ಕೇಳಿ. 1616ರಲ್ಲಿ ಕಂಪನಿಗೆ ಈ ದೇಶದಲ್ಲಿ ಟಂಕಸಾಲೆಯೇ ಇರಲಿಲ್ಲ. ವ್ಯಾಪಾರದ ಅನುಕೂಲ ಬೇಡಲು ಇಂಗ್ಲೆಂಡಿನ ರಾಯಭಾರಿ ಸರ್ ಥಾಮಸ್ ರೋ ಜಹಾಂಗೀರನ ದರ್ಬಾರಿನಲ್ಲಿ ಕಾದಿದ್ದ ಕಾಲ ಅದು, ಮುಂಬಯಿ ದ್ವೀಪ ಕಂಪನಿಯ ಕೈಸೇರಿದ್ದೇ 1668ರಲ್ಲಿ. ‘ಯುಕೆ’ ಎಂದು ಮೊಟಕುಗೊಳಿಸುವ ಸಂಯುಕ್ತ ರಾಜ್ಯ ರೂಪುಗೊಂಡದ್ದು 1801ರಲ್ಲಿ, ಮತ್ತು ‘ಯುಕೆಎಲ್’ ಎಂಬ ಅಕ್ಷರಗಳು ಕಂಪನಿಯ ಯಾವ ನಾಣ್ಯದ ಮೇಲೆಯೂ ಇಲ್ಲ. 1818ರಲ್ಲಿ ಬಂಗಾಳದ ಕಂಪನಿ ರೂಪಾಯಿಯ ಮೇಲೆ ಮೊಗಲ್ ಬಾದಶಹ ಶಾ ಆಲಮನ ಹೆಸರು ಇನ್ನೂ ಪಾರಸಿಯಲ್ಲಿ ಅಚ್ಚಾಗುತ್ತಿತ್ತು. ದೇಶಕ್ಕೆಲ್ಲ ಒಂದೇ ಬಗೆಯ ನಾಣ್ಯ ಬಂದದ್ದು 1835ರಲ್ಲಿ. ಆ ಪದ್ಧತಿಯಲ್ಲಿ ಒಂದಾಣೆಯ ಬಿಲ್ಲೆ ಬಂದದ್ದಂತೂ ಏಳನೆಯ ಎಡ್ವರ್ಡನ ಕಾಲಕ್ಕೆ, ಅದೂ ತಾಮ್ರ ಮತ್ತು ನಿಕ್ಕಲ್ ಬೆರಕೆಯಲ್ಲಿ.

ಕಂಪನಿಯವರು ದೇವರ ಚಿತ್ರ ಹಾಕಿಯೇ ಇಲ್ಲವೇ ಎಂದು ಜಾಣ ಓದುಗರು ಕೇಳಬಹುದು. ಹಾಕಿದ್ದಾರೆ, ಮದರಾಸಿನ ನಕ್ಷತ್ರ ವರಹ ಎಂಬ ಚಿನ್ನದ ನಾಣ್ಯದ ಮೇಲೆ ವಿಷ್ಣುವಿದ್ದಾನೆ. ಆದರೆ ಅದು ನಮ್ಮ ಜನ ಮೊದಲಿನಿಂದ ನಂಬಿ ಬಳಸುತ್ತಿದ್ದ ವರಹದ ಅನುಕರಣೆ, ಅದರಲ್ಲಿ ಇಂಗ್ಲಿಷ್ ಬರಹವಿಲ್ಲ. ರಾಮಟಂಕಿಗಳನ್ನು, ಅಂದರೆ ರಾಮನ ಚಿತ್ರವಿರುವ ಪೂಜೆಯ ಬಿಲ್ಲೆಗಳನ್ನು, ದೇವರ ಮನೆಯಲ್ಲಿಟ್ಟು ಪೂಜಿಸುವ ಪದ್ಧತಿಯೂ ಹಳೆಯದು, ಗೌರವದ್ದು. ಮನೆಯ ಬಿಲ್ಲೆಯನ್ನು ಅಲ್ಲಿಯೇ ಇಡಿ, ಮಾರಲು ಹೊರಡಬೇಡಿ.

ಕಳೆದ ಕಾರ್ತಿಕದಲ್ಲಿ ಹಿರಿಯೂರಿನ ಕಡೆಯ ರೈತರೊಬ್ಬರು ಇಂಥದೊಂದನ್ನು ಅರಿಶಿನ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಅಕ್ಕಿಯನ್ನು ಎಳೆಯುತ್ತದೆ, ಆದ್ದರಿಂದ ಕೋಟಿ ಬಾಳುತ್ತದೆ ಎಂದು ನಂಬಿಸಿ ಯಾರೋ ಅವರಿಂದ ಮುಂಗಡ ಪಡೆದಿದ್ದರು. ನಮ್ಮ ಅಡುಗೆಮನೆಯ ಅಕ್ಕಿಯನ್ನು ತಟ್ಟೆಯಲ್ಲಿ ಹರಡಿ ಬಿಲ್ಲೆಯನ್ನು ನಡುವೆ ಇಟ್ಟೆವು. ಒಂದು ಕಾಳೂ ಅಲುಗಲಿಲ್ಲ. ಮಾರಾಟಗಾರ ಕೊಟ್ಟಿದ್ದ ಪೊಟ್ಟಣದ ಅಕ್ಕಿಗೆ ಅಯಸ್ಕಾಂತ ಹಿಡಿದಾಗ ಕಾಳುಗಳು ಎದ್ದು ಬಂದು ಅಂಟಿಕೊಂಡವು. ಅಕ್ಕಿಗೇ ಕಬ್ಬಿಣದ ಪುಡಿ ಬಳಿದಿದ್ದರು. ಮಸೂರದಲ್ಲಿ ನೋಡಿದರೆ ಅಕ್ಷರಗಳ ಅಂಚು ಮೊಂಡು, ಚಿತ್ರ, ಬರಹಗಳ ಸುತ್ತಲಿನ ಖಾಲಿ ಜಾಗದ ತುಂಬ ಸೂಜಿಮೊನೆಯಂಥ ಗುಳಿಗಳು. ಅದು ಎರಕ ಹೊಯ್ದ ಗುರುತು. ಟಂಕಸಾಲೆಯ ಅಚ್ಚಿನ ಕೆಳಗೆ ಬಿದ್ದ ಲೋಹ ಹಾಗಿರುವುದಿಲ್ಲ. ಆ ಮನುಷ್ಯ ಬಹಳ ಹೊತ್ತು ಮಾತನಾಡಲಿಲ್ಲ. ಹಳೆಯ ನಾಣ್ಯ ಮಾರಿಸಿಕೊಡುತ್ತೇವೆಂದು ತನ್ನ ಹೆಸರಿನಲ್ಲಿ ಹಣ ಕೀಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿದೆ, ಆದರೂ ಈ ವ್ಯವಹಾರ ನಿಂತಿಲ್ಲ.

ಪುಸ್ತಕದಲ್ಲಿಲ್ಲದ ಕಾರಣಕ್ಕೇ ಅದು ಮಾದರಿ ಎಂಬ ವಾದವು ತಲೆಕೆಳಗಾದದ್ದು. ಯಾರು ಕೆತ್ತಿದರು, ಯಾರು ನೋಡಿದರು, ಯಾಕೆ ಬೇಡವೆಂದರು ಎಂಬ ದಾಖಲೆಯಿಂದಲೇ ಮಾದರಿ ನಾಣ್ಯಕ್ಕೆ ಜೀವ. ಚಿತ್ರ ಓರೆಯಾಗಿ ಬಿದ್ದ ಎರಡು ರೂಪಾಯಿಯೂ ಮಾದರಿಯಲ್ಲ, ಅದು ಯಂತ್ರದ ತಪ್ಪು. ಹಳೆಯ ಅಚ್ಚಿನಿಂದ ಸಂಗ್ರಾಹಕರಿಗಾಗಿಯೇ ಮುಂದೆ ಒತ್ತಿದ ಮರುಮುದ್ರಣಗಳೂ ಇವೆ. ಅವುಗಳ ಬೆಲೆ ಬೇರೆ.

ಹಾಗಾದರೆ ನಮ್ಮ ದುರ್ಗದ ಕೋಟೆಯೊಳಗಿನ ಟಂಕಸಾಲೆಯಲ್ಲಿ ಮಾದರಿ ಒತ್ತುತ್ತಿದ್ದರೇ? ಇದನ್ನು ಯಾರೂ ಕೇಳಿಲ್ಲ, ಆದರೆ ಆ ಮಣ್ಣಿನ ಗೋಡೆಗಳ ಮುಂದೆ ನಿಂತಾಗಲೆಲ್ಲ ನನಗೆ ಕಾಡುವ ಪ್ರಶ್ನೆ. ಕೈಯಿಂದ ನಾಣ್ಯ ಬಡಿಯುತ್ತಿದ್ದ ಕಾಲದಲ್ಲಿ ಅಚ್ಚು ಸರಿಯಿದೆಯೇ ಎಂದು ಮೆತ್ತನೆಯ ಸೀಸದ ಮೇಲೆ ಒಂದೇಟು ಹಾಕಿ ನೋಡುವ ರೂಢಿ ಬೇರೆಡೆ ಇತ್ತು; ಇಂಗ್ಲೆಂಡಿನ ಯಾರ್ಕ್ ನಗರದ ಉತ್ಖನನದಲ್ಲಿ ಅಂಥ ಸೀಸದ ತುಂಡುಗಳು ಸಿಕ್ಕಿವೆ. ಇದನ್ನು ಕೇಳಿದೊಡನೆ ದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಸಿಕ್ಕ ಸೀಸದ ನಾಣ್ಯಗಳೂ ಅವೇ ಎಂದು ಹೊರಡಬೇಡಿ. ಅವು ಶಾತವಾಹನರ ಮತ್ತು ಅವರ ಸಾಮಂತರ ಕಾಲದಲ್ಲಿ ನಿಜವಾಗಿ ಚಲಾವಣೆಯಲ್ಲಿದ್ದ ಹಣ. ಆಗ ಸೀಸವೂ ನಾಣ್ಯದ ಲೋಹ. 1779ರಲ್ಲಿ ಹೈದರಾಲಿ ದುರ್ಗವನ್ನು ಹಿಡಿದ ಮೇಲೆ, ಟಿಪ್ಪುವಿನ ಕಾಲದಲ್ಲಿ ಈ ಊರಿನ ಹೆಸರು ನಾಣ್ಯಗಳ ಮೇಲೆ ‘ಫರ್ರುಖ್‌ಯಾಬ್ ಹಿಸಾರ್’ ಎಂದು ಮೂಡಿತು, ಜೊತೆಗೆ ತಾಮ್ರದ ಕಾಸಿನ ಮೇಲೆ ಆನೆ. ಟಿಪ್ಪುವಿನ ಕಾಸುಗಳಲ್ಲಿ ಆನೆ ಎಡಕ್ಕೆ ತಿರುಗಿರುವುದೂ ಉಂಟು, ಬಲಕ್ಕೆ ತಿರುಗಿರುವುದೂ ಉಂಟು. ಎರಡೂ ಸಂತೆಯಲ್ಲಿ ಓಡಾಡಿದವೇ, ಯಾವುದೂ ಮಾದರಿಯಲ್ಲ. ಅಂಥ ಕಾಸು ನಿಮ್ಮ ಮನೆಯಲ್ಲಿದ್ದರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಕಿಲುಬು ಹಿಡಿದಂತೆಯೇ ತನ್ನಿ, ಊರಿನ ಹೆಸರನ್ನು ಓದಿ ತೋರಿಸುತ್ತೇನೆ.